ಮಗಳ ಪ್ರಾರ್ಥನೆ ಕೇಳಿಸದ ಮನೆ: ‘ದಿ ಅಮೆರಿಕನ್ಸ್’ ಕೈಬಿಟ್ಟ ಎಳೆ

ತಂದೆಯೊಬ್ಬ ಮಗಳ ಕಣ್ಣೆದುರೇ ಅವಳ ಬೈಬಲ್ಲಿನ ಹಾಳೆಗಳನ್ನು ಹರಿದುಹಾಕುವ ದೃಶ್ಯವೊಂದು ‘ದಿ ಅಮೆರಿಕನ್ಸ್’ ಧಾರಾವಾಹಿಯ ಎರಡನೆಯ ಸೀಸನ್‌ನಲ್ಲಿದೆ. ಆಗಷ್ಟೇ ಹದಿಹರೆಯಕ್ಕೆ ಕಾಲಿಟ್ಟಿರುವ ಪೇಜ್ ಜೆನ್ನಿಂಗ್ಸ್ ಎಂಬ ಆ ಹುಡುಗಿ ತಾನು ಕೂಡಿಟ್ಟಿದ್ದ ಹಣವನ್ನು ಮನೆಯವರಿಗೆ ತಿಳಿಸದೆ ಚರ್ಚಿಗೆ ಕೊಟ್ಟುಬಿಟ್ಟಿದ್ದಾಳೆ. ಯೇಸುವಿಗೆ ಸಲ್ಲುವ ಮರ್ಯಾದೆ ಹೆತ್ತವರಿಗೆ ಸಲ್ಲುವುದಿಲ್ಲವೇ ಎಂದು ಅಪ್ಪ ಅಬ್ಬರಿಸುತ್ತಾನೆ. ಸೋವಿಯತ್ ಒಕ್ಕೂಟದ ಗೂಢಚಾರನಾದ ಈ ಅಪ್ಪ ಅಷ್ಟರೊಳಗೆ ಹಲವರ ಪ್ರಾಣ ತೆಗೆದಿರುವವನು. ಆ ಕೊಲೆಗಳನ್ನು ಕಥೆಯ ಕಟ್ಟಳೆಯೆಂದು ನುಂಗಿಕೊಂಡು ಕುಳಿತಿದ್ದ ಪ್ರೇಕ್ಷಕ ಹಾಳೆ ಹರಿಯುವ ಈ ಸದ್ದಿಗೆ ಬೆಚ್ಚಿಬೀಳುತ್ತಾನೆ. ಮಗಳ ಕೈಯಲ್ಲಿ ಸಿಗರೇಟು ಸಿಕ್ಕಿದ್ದರೆ, ಅವಳ ಕೋಣೆಯಲ್ಲಿ ಹುಡುಗನೊಬ್ಬ ಸಿಕ್ಕಿದ್ದರೆ ಏನು ಹೇಳಬೇಕೆಂಬುದು ಬಹುಶಃ ಈ ದಂಪತಿಗೆ ಗೊತ್ತಿತ್ತು. ಸಿಕ್ಕಿದ್ದು ಬೈಬಲ್, ಅದಕ್ಕೆ ಅವರ ಬಳಿ ಮಾತೇ ಇರಲಿಲ್ಲ.

ಎಫ್‌ಎಕ್ಸ್ ವಾಹಿನಿಯಲ್ಲಿ 2013ರ ಜನವರಿಯಿಂದ 2018ರ ಮೇ ತಿಂಗಳವರೆಗೆ ಆರು ಸೀಸನ್‌ಗಳಲ್ಲಿ 75 ಕಂತುಗಳಾಗಿ ಪ್ರಸಾರವಾದ ಈ ಧಾರಾವಾಹಿಯನ್ನು ನಿರಾಶಾದಾಯಕ ಎಂದು ಕರೆದರೆ ಹಲವರಿಗೆ ವಿಚಿತ್ರವೆನಿಸಬಹುದು. ಕೊನೆಯ ಸೀಸನ್ನಿಗಾಗಿ ಅಪ್ಪನ ಪಾತ್ರ ಮಾಡಿದ ಮ್ಯಾಥ್ಯೂ ರೀಸ್ ಅವರಿಗೆ ನಟನೆಯ ಎಮ್ಮಿ ಬಂತು, ಅಂತಿಮ ಕಂತಿನ ಬರವಣಿಗೆಗೂ ಎಮ್ಮಿ ಬಂತು, ಮರುವರ್ಷ ಗೋಲ್ಡನ್ ಗ್ಲೋಬ್ ಕೂಡ ಬಂತು. ಈ ಮನ್ನಣೆಗೆ ಅದು ಯೋಗ್ಯವೇ ಆಗಿತ್ತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ನಿರಾಶೆ ಒಂದೇ ಎಳೆಗೆ ಸಂಬಂಧಿಸಿದ್ದು, ಆದರೆ ಆ ಎಳೆ ಸಣ್ಣದಲ್ಲ. ಹದಿಹರೆಯದ ಮಗಳೊಬ್ಬಳು ದೇವರನ್ನು ನಂಬತೊಡಗಿದಾಗ ದೇವರನ್ನು ನಂಬದ ಮನೆಯಲ್ಲಿ ಏನಾಗುತ್ತದೆ ಎಂಬ ಅಪರೂಪದ ಪ್ರಶ್ನೆಯನ್ನು ಅದು ಎತ್ತಿಕೊಂಡಿತು. ಮೂರು ಸೀಸನ್‌ಗಳ ಕಾಲ ತಾಳ್ಮೆಯಿಂದ ಬೆಳೆಸಿತು. ಕೊನೆಗೆ ಬೇರೆಯದೇ ಕೆಲಸಕ್ಕೆ ಬಳಸಿ ಬದಿಗಿಟ್ಟಿತು. ಸಾಧಾರಣ ಧಾರಾವಾಹಿಯೊಂದು ಹೀಗೆ ಮಾಡಿದ್ದರೆ ಬರೆಯುವ ಅಗತ್ಯವಿರುತ್ತಿರಲಿಲ್ಲ. ಇಷ್ಟು ಜಾಣ ಬರಹಗಾರರೇ ಎಡವಿದ ಜಾಗವೆಂದ ಮೇಲೆ, ಎಡವುವುದಕ್ಕೆ ಕಾರಣ ಅವರ ಜಾಣತನದ ಕೊರತೆಯಲ್ಲಿ ಇರಲಾರದು.

ಕಥೆಯ ಚೌಕಟ್ಟನ್ನು ಚುಟುಕಾಗಿ ಹೇಳುತ್ತೇನೆ. 2010ರಲ್ಲಿ ಅಮೆರಿಕದಲ್ಲಿ ಸುಳ್ಳು ಗುರುತಿನಡಿ ಬದುಕುತ್ತಿದ್ದ ರಷ್ಯಾದ ಹತ್ತು ಗೂಢಚಾರರು ಸಿಕ್ಕಿಬಿದ್ದರು. ಅವರಲ್ಲಿ ಮಕ್ಕಳೊಂದಿಗೆ ಸಂಸಾರ ಹೂಡಿದ್ದವರೂ ಇದ್ದರು. ಒಂದು ಕಾಲಕ್ಕೆ ಸಿಐಎಯಲ್ಲಿದ್ದ ಜೋ ವೈಸ್‌ಬರ್ಗ್ ಆ ಸುದ್ದಿಯಿಂದ ಹುಟ್ಟಿದ ಕಲ್ಪನೆಯನ್ನು ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಕಾಲಕ್ಕೆ ಒಯ್ದು, 1981ರಿಂದ 1987ರವರೆಗಿನ ಕಥೆಯಾಗಿ ಹೆಣೆದರು. ಫಿಲಿಪ್ ಮತ್ತು ಎಲಿಜಬೆತ್ ಎಂಬ ಹೆಸರಿನಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುತ್ತಿರುವ ದಂಪತಿಗೆ ಇಬ್ಬರು ಮಕ್ಕಳು. ಹೆತ್ತವರು ಯಾರೆಂಬುದು ಆ ಮಕ್ಕಳಿಗೆ ತಿಳಿಯದು. ಅವರ ಮನೆ ಇರುವುದು ವರ್ಜೀನಿಯಾದ ಫಾಲ್ಸ್ ಚರ್ಚ್ ಎಂಬ ಪಟ್ಟಣದಲ್ಲಿ. ಹದಿನೆಂಟನೆಯ ಶತಮಾನದ ಚರ್ಚೊಂದರಿಂದ ಆ ಊರಿಗೆ ಈ ಹೆಸರು ಬಂತು. ನಾಸ್ತಿಕ ಗೂಢಚಾರರು ಪ್ರತಿದಿನ ತಮ್ಮ ಅಂಚೆ ವಿಳಾಸದಲ್ಲಿ ಚರ್ಚ್ ಎಂದು ಬರೆದುಕೊಳ್ಳುತ್ತಿದ್ದರು ಎನ್ನುವುದು ಧಾರಾವಾಹಿ ಗಮನಿಸಿದಂತೆ ಕಾಣದ ಒಂದು ತಮಾಷೆ.

ಪೇಜ್ ಚರ್ಚಿಗೆ ಹೋಗುವ ದಾರಿಯನ್ನು ಬರಹಗಾರರು ಚೆನ್ನಾಗಿ ಕಟ್ಟಿದ್ದಾರೆ. ಮನೆಯಲ್ಲಿ ಏನೋ ಸರಿಯಿಲ್ಲ ಎಂಬ ಗುಮಾನಿಯಿಂದ ಅವಳು ಒಬ್ಬಳೇ ಬಸ್ಸು ಹತ್ತಿ, ಇದ್ದಾಳೆಂದು ಅಮ್ಮ ಹೇಳಿದ್ದ ಸಂಬಂಧಿಯೊಬ್ಬಳನ್ನು ಹುಡುಕಿಕೊಂಡು ಹೋಗುತ್ತಾಳೆ. ಆ ಪ್ರಯಾಣದಲ್ಲಿ ಪರಿಚಯವಾದ ಹುಡುಗಿಯೊಬ್ಬಳು ಅವಳನ್ನು ಚರ್ಚಿನ ಯುವಕೂಟಕ್ಕೆ ಕರೆಯುತ್ತಾಳೆ. ಅಲ್ಲಿನ ಪಾಸ್ಟರ್ ಟಿಮ್ ನರಕದ ಭಯ ಹುಟ್ಟಿಸುವ ಬೋಧಕನಲ್ಲ. ಅಣ್ವಸ್ತ್ರಗಳ ವಿರುದ್ಧ ಮೆರವಣಿಗೆ ಹೊರಡುವ, ಬಡವರ ಪರ ನಿಲ್ಲುವ, ಹದಿಹರೆಯದವರ ಮಾತನ್ನು ಕೂತು ಕೇಳುವ ವ್ಯಕ್ತಿ. 1982ರ ಜೂನ್‌ನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅಣ್ವಸ್ತ್ರ ವಿರೋಧಿಸಿ ಲಕ್ಷಗಟ್ಟಲೆ ಜನ ಸೇರಿದ್ದರು. ಮರುವರ್ಷ ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರು ಯುದ್ಧ ಮತ್ತು ಶಾಂತಿಯ ಕುರಿತು ಸುದೀರ್ಘ ಪತ್ರವನ್ನೇ ಹೊರಡಿಸಿದರು. ಆ ಕಾಲದ ಚರ್ಚಿನ ಈ ಮುಖವನ್ನು ಇಷ್ಟು ಸಹಜವಾಗಿ ತೋರಿಸಿದ ಧಾರಾವಾಹಿ ಇನ್ನೊಂದು ನನಗೆ ಗೊತ್ತಿಲ್ಲ. ಪಾಸ್ಟರನನ್ನು ಕಂಡಕೂಡಲೇ ಇವನು ಒಳಗೊಳಗೆ ಕೆಟ್ಟವನಿರಬೇಕು ಎಂದು ಪ್ರೇಕ್ಷಕ ಶಂಕಿಸುವುದು ಈಗಿನ ರೂಢಿ. ಆ ಶಂಕೆಯನ್ನು ಬೆಳೆಯಗೊಟ್ಟು, ಕೊನೆಯವರೆಗೂ ನಿಜಮಾಡದೆ ಉಳಿಸಿದ್ದು ಬರಹಗಾರರ ಸಂಯಮ.

ಅಮ್ಮನ ಪ್ರತಿಕ್ರಿಯೆಯೂ ಲೆಕ್ಕಾಚಾರದ್ದೇ. ಎಲಿಜಬೆತ್ ಮೊದಲು ಸಿಟ್ಟಾಗುತ್ತಾಳೆ, ಮಗಳನ್ನು ನಡುರಾತ್ರಿ ಎಬ್ಬಿಸಿ ಮನೆಗೆಲಸಕ್ಕೆ ಹಚ್ಚುತ್ತಾಳೆ. ಆಮೇಲೆ ಮಗಳ ಕಣ್ಣಲ್ಲಿ ತನಗೆ ಗುರುತಿರುವ ಬೆಳಕೊಂದನ್ನು ಕಾಣುತ್ತಾಳೆ. ಪಕ್ಷಕ್ಕಾಗಿ, ದೇಶಕ್ಕಾಗಿ ತಾನು ಹದಿಹರೆಯದಲ್ಲಿ ಹೊತ್ತುಕೊಂಡ ನಿಷ್ಠೆಯೇ ಬೇರೊಂದು ವೇಷದಲ್ಲಿ ಮಗಳಲ್ಲಿ ಮೂಡಿದೆ, ಅದನ್ನು ತಿರುಗಿಸಬಹುದು ಎಂದು ಅವಳಿಗೆ ಅನಿಸುತ್ತದೆ. ಹಾಗಾಗಿ ಮಗಳೊಂದಿಗೆ ಚರ್ಚಿಗೂ ಹೋಗತೊಡಗುತ್ತಾಳೆ. ಮೂರನೆಯ ಸೀಸನ್‌ನಲ್ಲಿ ಪೇಜ್ ದೀಕ್ಷಾಸ್ನಾನ ಪಡೆಯುವಾಗ ಹೆತ್ತವರಿಬ್ಬರೂ ಅಲ್ಲಿ ನಿಂತು ನೋಡುತ್ತಾರೆ. ಸಭೆಯಲ್ಲಿ ಉಳಿದವರೆಲ್ಲ ಸಂಭ್ರಮಿಸುತ್ತಿರುವಾಗ ಈ ಇಬ್ಬರ ಮುಖದಲ್ಲಿ ಕಾಣುವುದು ಮಗಳನ್ನು ಕಳೆದುಕೊಳ್ಳುತ್ತಿರುವವರ ಅಂಜಿಕೆ, ಅದರ ಜೊತೆಗೇ ಮುಂದಿನ ನಡೆಯ ಲೆಕ್ಕ. ದೃಶ್ಯ ಸೊಗಸಾಗಿದೆ. ಆದರೆ ಅದನ್ನು ಮತ್ತೆ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ನೀರಿಗೆ ಇಳಿಯುವವಳು ಪೇಜ್. ಕಥೆ ನಡೆಯುವುದು ದಡದಲ್ಲಿರುವವರ ಮುಖದ ಮೇಲೆ.

ನನ್ನ ತಕರಾರಿನ ತಿರುಳು ಇಲ್ಲಿದೆ. ಮಗಳಿಗೆ ಭಕ್ತಿ ಬಂದದ್ದೇಕೆ ಎಂಬುದಕ್ಕೆ ಧಾರಾವಾಹಿಯ ಬಳಿ ಉತ್ತರಗಳು ಬೇಕಾದಷ್ಟಿವೆ: ಹೆತ್ತವರು ಮನೆಯಲ್ಲಿರುವುದಿಲ್ಲ, ಸುಳ್ಳು ಹೇಳುತ್ತಾರೆ, ಮನೆಯಲ್ಲಿ ಸಿಗದ ನಿಜವನ್ನು ಹುಡುಗಿ ಹೊರಗೆ ಹುಡುಕುತ್ತಾಳೆ. ಅವಳು ನಂಬಿದ್ದೇನು ಎಂಬುದಕ್ಕೆ ಮಾತ್ರ ಉತ್ತರವೇ ಇಲ್ಲದಷ್ಟು ಕಡಿಮೆ. ಯೇಸುವಿನ ಯಾವ ಮಾತು ಅವಳನ್ನು ತಟ್ಟಿತು, ಪಾಪ ಮತ್ತು ಕ್ಷಮೆಯ ಕುರಿತು ಅವಳೇನು ತಿಳಿದಳು, ಸುಳ್ಳು ಹೇಳುವ ಹೆತ್ತವರನ್ನು ಸನ್ಮಾನಿಸಬೇಕು ಎನ್ನುವ ಆಜ್ಞೆಯ ಮುಂದೆ ಅವಳು ಹೇಗೆ ತಡವರಿಸಿದಳು ಎಂಬುದೆಲ್ಲ ನಮಗೆ ತಿಳಿಯುವುದಿಲ್ಲ. ಹತ್ತು ಆಜ್ಞೆಗಳಲ್ಲಿ ತಂದೆತಾಯಿಗಳನ್ನು ಸನ್ಮಾನಿಸು ಎಂಬುದೂ ಇದೆ, ಸುಳ್ಳುಸಾಕ್ಷಿ ಹೇಳಬೇಡ ಎಂಬುದೂ ಇದೆ. ಹೆತ್ತವರ ಗುಟ್ಟನ್ನು ತಿಳಿದ ಹುಡುಗಿಯ ಎದೆಯಲ್ಲಿ ಈ ಎರಡು ಆಜ್ಞೆಗಳು ಒಂದಕ್ಕೊಂದು ಕೊಂಬು ಕೊಟ್ಟು ನಿಲ್ಲಬೇಕಾಗಿತ್ತು. ಯಾವ ಗೂಢಚಾರಿಕೆಯ ಒಳಸಂಚಿಗಿಂತಲೂ ಗಟ್ಟಿಯಾದ ನಾಟಕ ಅಲ್ಲಿತ್ತು. ಧಾರಾವಾಹಿ ಅದರ ಹತ್ತಿರ ಸುಳಿದು, ಅದನ್ನು ಗುಟ್ಟು ಕಾಯುವ ಮಾನಸಿಕ ಒತ್ತಡ ಎಂಬ ಪರಿಚಿತ ರೂಪಕ್ಕೆ ಇಳಿಸಿಕೊಂಡಿತು.

ಮೂರನೆಯ ಸೀಸನ್ನಿನ ಕೊನೆ ಇದಕ್ಕೆ ನಿದರ್ಶನ. ಹೆತ್ತವರು ರಷ್ಯನ್ನರೆಂದು ತಿಳಿದ ಪೇಜ್ ಆ ಭಾರ ತಾಳಲಾರದೆ, ಪ್ರಾರ್ಥಿಸಿ, ಕಣ್ಣೀರಿಡುತ್ತ ಪಾಸ್ಟರ್ ಟಿಮ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಡುತ್ತಾಳೆ. ಅದೇ ಹೊತ್ತಿಗೆ ಮನೆಯ ಟಿವಿಯಲ್ಲಿ ರೇಗನ್ 1983ರ ಮಾರ್ಚ್ 8ರಂದು ಮಾಡಿದ ಭಾಷಣ ಕೇಳಿಬರುತ್ತಿದೆ. ಸೋವಿಯತ್ ಒಕ್ಕೂಟವನ್ನು ಅವರು ದುಷ್ಟ ಸಾಮ್ರಾಜ್ಯವೆಂದು ಕರೆದದ್ದು ಈ ಭಾಷಣದಲ್ಲಿಯೇ. ಆ ಭಾಷಣ ನಡೆದದ್ದು ಸಂಸತ್ತಿನಲ್ಲೂ ಅಲ್ಲ, ಸೇನಾನೆಲೆಯಲ್ಲೂ ಅಲ್ಲ. ಫ್ಲಾರಿಡಾದ ಒರ್ಲಾಂಡೊದಲ್ಲಿ, ಇವ್ಯಾಂಜೆಲಿಕಲ್ ಕ್ರೈಸ್ತರ ರಾಷ್ಟ್ರೀಯ ಒಕ್ಕೂಟದ ಸಮಾವೇಶದಲ್ಲಿ. ಅಲ್ಲಿ ರೇಗನ್ ಒಂದು ಕಥೆಯನ್ನೂ ಹೇಳಿದ್ದರು: ತನ್ನ ಪುಟ್ಟ ಹೆಣ್ಣುಮಕ್ಕಳು ಕಮ್ಯೂನಿಸಮ್ಮಿನಡಿ ಬೆಳೆದು ಮುಂದೊಂದು ದಿನ ದೇವರನ್ನು ನಂಬದೆ ಸಾಯುವುದಕ್ಕಿಂತ, ದೇವರನ್ನು ನಂಬುತ್ತಿರುವ ಈಗಲೇ ಸತ್ತರೂ ಮೇಲು ಎಂದು ಯುವ ತಂದೆಯೊಬ್ಬ ಹೇಳಿದ್ದನ್ನು ಅವರು ಸಭೆಯ ಮುಂದಿಟ್ಟರು, ಸಭೆ ಚಪ್ಪಾಳೆ ತಟ್ಟಿತು. ಮಕ್ಕಳ ಪ್ರಾಣಕ್ಕಿಂತ ಮಕ್ಕಳ ನಂಬಿಕೆಯನ್ನು ದೊಡ್ಡದೆನ್ನುವ ಆ ಅಪ್ಪನನ್ನೂ ಮಗಳ ಬೈಬಲ್ ಹರಿಯುವ ಈ ಅಪ್ಪನನ್ನೂ ಎದುರುಬದುರು ನಿಲ್ಲಿಸಿ ನೋಡಿ. ಇಬ್ಬರಿಗೂ ಮಗಳ ಆತ್ಮ ತಮ್ಮ ಯುದ್ಧದ ಭೂಮಿ. ಇಂಥದೊಂದು ಪ್ರತಿಬಿಂಬ ಕೈಯಳತೆಯಲ್ಲೇ ಇದ್ದಾಗ ಧಾರಾವಾಹಿ ಆ ಭಾಷಣವನ್ನು ಬಳಸಿಕೊಂಡದ್ದು ಶೀತಲ ಸಮರದ ಗುಡುಗಿಗಾಗಿ ಮಾತ್ರ. ಹುಡುಗಿಯ ಪ್ರಾರ್ಥನೆಯೂ ಅಲ್ಲಿ ಫೋನ್ ಕರೆಗೆ ಮುನ್ನುಡಿಯಾಗಿಯೇ ಉಳಿಯುತ್ತದೆ. ಮುಂದಿನ ಸೀಸನ್ನಿಗೆ ಬೇಕಾದದ್ದು ಆ ಕರೆ.

ನಾಲ್ಕನೆಯ ಸೀಸನ್‌ನಲ್ಲಿ ಗುಟ್ಟು ತಿಳಿದಿರುವ ಪಾಸ್ಟರನ ಮೇಲೆ ಕಣ್ಣಿಡುವುದು ಹೆತ್ತವರಿಗೆ ಅನಿವಾರ್ಯವಾಗುತ್ತದೆ, ಆ ಕೆಲಸ ಮಗಳ ಹೆಗಲಿಗೇರುತ್ತದೆ. ಪೇಜ್‌ಗೆ ಚರ್ಚಿಗೆ ಹೋಗುವ ಮನಸ್ಸಿರಲಿ ಬಿಡಲಿ, ಹೋಗಲೇಬೇಕು. ಬಂದು ವರದಿ ಒಪ್ಪಿಸಬೇಕು. ಭಕ್ತಿ ನೌಕರಿಯಾಗಿ ಬದಲಾಗುವ ಈ ಘಟ್ಟ ಇಡೀ ಧಾರಾವಾಹಿಯ ಅತ್ಯಂತ ಕ್ರೂರವಾದ ಕಲ್ಪನೆ, ಬಹುಶಃ ಅತ್ಯಂತ ನಿಜವಾದದ್ದೂ ಹೌದು. ಮನೆಯವರ ಮನಸ್ಸು ನೋಯದಿರಲೆಂದು ನಂಬದ ದೇವರಿಗೆ ಕೈಮುಗಿದವರು ಎಲ್ಲ ಊರುಗಳಲ್ಲೂ ಇದ್ದಾರೆ. ಮನೆಯವರ ಗುಟ್ಟು ಉಳಿಯಲೆಂದು ನಂಬಿದ ದೇವರ ಮುಂದೆ ನಟಿಸಬೇಕಾದ ಹುಡುಗಿ ಇವಳೊಬ್ಬಳೇ. ಆ ನಟನೆಯಲ್ಲಿ ನಂಬಿಕೆ ಎಂದು ಕರಗಿತು? ಒಂದು ದಿನಕ್ಕೆ ಕರಗಿತೇ, ಅಥವಾ ಒಂದೊಂದೇ ಭಾನುವಾರ ಸವೆಯುತ್ತ ಹೋಯಿತೇ? ಐದನೆಯ ಸೀಸನ್‌ನಲ್ಲಿ ಪಾಸ್ಟರನ ದಿನಚರಿಯನ್ನು ಕದ್ದು ಓದಿ, ಅದರ ಹಾಳೆಗಳ ಫೋಟೊ ತೆಗೆದು ಹೆತ್ತವರಿಗೆ ತೋರಿಸುವ ಹೊತ್ತಿಗೆ ಕರಗಿಯಾಗಿದೆ. ಕೊರಳ ಶಿಲುಬೆಯನ್ನು ಅವಳು ಕಸದ ಬುಟ್ಟಿಗೆ ಎಸೆಯುತ್ತಾಳೆ. ಪಾಸ್ಟರ್ ದೇಶ ಬಿಡುವವರೆಗೂ ಅದು ಕೊರಳಲ್ಲಿರಲಿ ಎಂದು ಅಮ್ಮ ಅದನ್ನು ಮತ್ತೆ ಹಾಕಿಕೊಳ್ಳುವಂತೆ ಮಾಡುತ್ತಾಳೆ. ದೇವರನ್ನು ನಂಬದ ತಾಯಿ ಶಿಲುಬೆಯನ್ನು ಮಗಳ ಕೊರಳಿಗೆ ಮರಳಿಸುವ ಈ ದೃಶ್ಯದ ವ್ಯಂಗ್ಯ ಎಷ್ಟು ಹರಿತವೆಂದರೆ, ನಂಬಿಕೆ ಹೋದದ್ದು ಹೇಗೆಂದು ನಮಗೆ ತೋರಿಸಲೇ ಇಲ್ಲ ಎಂಬುದು ತಕ್ಷಣಕ್ಕೆ ನೆನಪಾಗುವುದೇ ಇಲ್ಲ. ಭಕ್ತಿ ಬರುವುದಕ್ಕೆ ಎರಡು ಸೀಸನ್ ಹಿಡಿಸಿದ ಬರಹಗಾರರು ಭಕ್ತಿ ಹೋಗುವುದನ್ನು ಕಂತುಗಳ ಸಂದಿಯಲ್ಲಿ ಮುಗಿಸಿಬಿಟ್ಟರು.

ಹದಿಹರೆಯದಲ್ಲಿ ಧರ್ಮದ ಕಡೆ ಹೊರಳುವುದು ವಿಪರೀತವಲ್ಲ ಎಂಬ ಮಾತು ಹೊಸದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಸ್ಟಾರ್‌ಬಕ್ 1899ರಲ್ಲೇ ಧಾರ್ಮಿಕ ಪರಿವರ್ತನೆಯ ಅನುಭವಗಳನ್ನು ಕಲೆಹಾಕಿ, ಅದು ಮುಖ್ಯವಾಗಿ ಹದಿಹರೆಯದ ಸಂಗತಿ ಎಂದು ಗುರುತಿಸಿದ್ದರು. ತತ್ವಜ್ಞಾನಿ ವಿಲಿಯಮ್ ಜೇಮ್ಸ್ 1902ರಲ್ಲಿ ಅದೇ ಮಾತನ್ನು ಮುಂದುವರಿಸಿ, ಮಗುವಿನ ಪುಟ್ಟ ಜಗತ್ತಿನಿಂದ ದೊಡ್ಡವರ ವಿಶಾಲ ಜಗತ್ತಿಗೆ ದಾಟುವ ಸಹಜ ಹಾದಿಯೆಂದು ಅದನ್ನು ಬಣ್ಣಿಸಿದರು. ಅಮೆರಿಕದ ಹದಿಹರೆಯದವರ ಧಾರ್ಮಿಕ ಬದುಕನ್ನು ದೊಡ್ಡ ಪ್ರಮಾಣದಲ್ಲಿ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ಮತ್ತವರ ಸಂಗಡಿಗರು 2005ರಲ್ಲಿ ಹೇಳಿದ್ದು ಇನ್ನೂ ಕುತೂಹಲಕರವಾಗಿದೆ. ಹೆಚ್ಚಿನ ಹುಡುಗ ಹುಡುಗಿಯರು ಹೆತ್ತವರ ಧರ್ಮವನ್ನೇ ಸದ್ದುಗದ್ದಲವಿಲ್ಲದೆ ಅನುಸರಿಸುತ್ತಾರೆ. ಆದರೆ ತಾವು ನಂಬಿದ್ದನ್ನು ಮಾತಿನಲ್ಲಿ ಹೇಳಲು ಅವರಿಗೆ ಬರುವುದಿಲ್ಲ. ನೀನು ನಂಬುವುದೇನು ಎಂದು ಹಿರಿಯರೊಬ್ಬರು ತಮ್ಮನ್ನು ಕೇಳಿದ್ದು ಬಹುಶಃ ಈ ಸಂದರ್ಶನದಲ್ಲೇ ಮೊದಲು ಎನ್ನುವಂತಹ ಮಕ್ಕಳು ಅವರಿಗೆ ಬಹಳ ಸಿಕ್ಕಿದ್ದರು. ಜೆನ್ನಿಂಗ್ಸ್ ಮನೆಯ ಊಟದ ಮೇಜಿನ ಸುತ್ತ ನಡೆಯುವ ಮಾತುಗಳನ್ನು ಈ ಹಿನ್ನೆಲೆಯಲ್ಲಿ ಕೇಳಬೇಕು. ಎಷ್ಟು ದಿನದಿಂದ ಹೋಗುತ್ತಿದ್ದೀಯ, ಯಾರು ಕರೆದರು, ಹಣವೇಕೆ ಕೊಟ್ಟೆ ಎಂಬ ಪ್ರಶ್ನೆಗಳು ಬಹುಮಟ್ಟಿಗೆ ವಿಚಾರಣೆಯವು. ಗೂಢಚಾರರಿಗೆ ಇದು ಸಹಜ. ಆದರೆ ಧಾರಾವಾಹಿಯ ಬರಹಗಾರರೂ ಅದೇ ವಿಚಾರಣೆಗೆ ಕೂತಂತೆ ಕಾಣುತ್ತದೆ.

ಇದು ಒಂದು ಧಾರಾವಾಹಿಯ ದೋಷವಾಗಿದ್ದರೆ ಬೇರೆ ಮಾತು. ‘ಸಿಕ್ಸ್ ಫೀಟ್ ಅಂಡರ್’ ಮಾಡಿದ್ದ ಆ್ಯಲನ್ ಬಾಲ್ 2018ರಲ್ಲಿ ಎಚ್‌ಬಿಒಗಾಗಿ ‘ಹಿಯರ್ ಆ್ಯಂಡ್ ನೌ’ ಎಂಬ ಕೌಟುಂಬಿಕ ಧಾರಾವಾಹಿ ಮಾಡಿದರು. ಹತ್ತು ಕಂತಿಗೇ ಅದು ನಿಂತುಹೋಯಿತು, ನಿಂತದ್ದಕ್ಕೆ ಹೆಚ್ಚು ಜನ ಮರುಗಿದಂತೆಯೂ ಕಾಣಲಿಲ್ಲ. ಅದರಲ್ಲಿ ಆಚರಣೆಯಿಂದ ದೂರ ಸರಿದ ಮುಸ್ಲಿಂ ಮನೋವೈದ್ಯನ ಮನೆಯಲ್ಲಿ, ಗಂಡು ಹೆಣ್ಣೆಂಬ ಗೆರೆಗೆ ಸಿಲುಕದ ಹದಿಹರೆಯದ ನವೀದ್ ಹಿಜಾಬ್ ಧರಿಸಿ ಶ್ರದ್ಧೆಯಿಂದ ಧರ್ಮವನ್ನು ಪಾಲಿಸುತ್ತಾನೆ. ಇಂಥ ಪಾತ್ರವನ್ನು ಕಲ್ಪಿಸಿದ್ದೇ ಸಾಹಸ. ಆದರೆ ನವೀದ್‌ನ ಶ್ರದ್ಧೆ ಅಲ್ಲಿ ಮತ್ತೊಂದು ಗುರುತಿನ ಚೀಟಿಯಂತೆ ಅಂಟಿಕೊಂಡಿರುತ್ತದೆ. ಅಪ್ಪನ ಹಳೆಯ ಗಾಯವನ್ನು ಕೆದಕುವುದೇ ಅದರ ಉದ್ಯೋಗ. ಸ್ವೀಡನ್ನಿನ ‘ಕ್ಯಾಲಿಫೇಟ್’ 2020ರಲ್ಲಿ ಎಂಟು ಕಂತುಗಳಲ್ಲಿ ಬಂತು. ಸ್ಟಾಕ್‌ಹೋಮಿನ ಶಾಲಾ ಹುಡುಗಿಯರು ಉಗ್ರ ಸಂಘಟನೆಯ ಬಲೆಗೆ ಬೀಳುವ ಆ ಕಥೆ ಉಸಿರು ಬಿಗಿಹಿಡಿದು ನೋಡಿಸಿಕೊಳ್ಳುತ್ತದೆ. ಹುಡುಗಿಯೊಬ್ಬಳು ತಲೆವಸ್ತ್ರ ಧರಿಸಿದ ಕ್ಷಣದಿಂದ ನಮ್ಮ ಎದೆಬಡಿತ ಹೆಚ್ಚಬೇಕೆಂಬುದು ಅದರ ಲೆಕ್ಕ, ಹೆಚ್ಚುತ್ತದೆ ಕೂಡ. ಅಲ್ಲಿ ನಂಬಿಕೆ ಗಾಳದ ಹುಳು ಮಾತ್ರ.

ಈ ಮೂರರಲ್ಲೂ ಕ್ಯಾಮೆರಾ ಹೆತ್ತವರ ಸೋಫಾದ ಪಕ್ಕ ಇಟ್ಟಂತಿದೆ. ಕೌಟುಂಬಿಕ ಧಾರಾವಾಹಿಯ ಕಟ್ಟೋಣವೇ ಅಂಥದ್ದು: ಮನೆಯೊಂದು ಸಮತೋಲದಲ್ಲಿರಬೇಕು, ಯಾರೋ ಒಬ್ಬರು ಅದನ್ನು ಅಲುಗಿಸಬೇಕು, ಉಳಿದವರು ಕಾರಣ ಹುಡುಕಬೇಕು. ಮಗ ಕುಡಿತಕ್ಕೆ ಬಿದ್ದರೂ, ಮಗಳು ಬಸಿರಾದರೂ, ಇಬ್ಬರಲ್ಲೊಬ್ಬರು ದೇವರ ಪಾದ ಹಿಡಿದರೂ ಯಂತ್ರ ಒಂದೇ. ಯಂತ್ರಕ್ಕೆ ಗೊತ್ತಿರುವುದು ರೋಗಲಕ್ಷಣ. ರೋಗಲಕ್ಷಣಕ್ಕೆ ಎರಡೇ ಗತಿ, ವಾಸಿಯಾಗಬೇಕು ಇಲ್ಲವೇ ಉಲ್ಬಣಿಸಬೇಕು. ಪೇಜ್‌ಗೆ ವಾಸಿಯಾಯಿತು, ಸ್ಟಾಕ್‌ಹೋಮಿನ ಹುಡುಗಿಯರಿಗೆ ಉಲ್ಬಣಿಸಿತು. ಸುಮ್ಮನೆ ಇದ್ದುಬಿಡುವ ಭಕ್ತಿ, ಅಂದರೆ ಒಬ್ಬ ಹುಡುಗಿ ಭಾನುವಾರ ಚರ್ಚಿಗೆ ಹೋಗಿ ಸೋಮವಾರ ಗಣಿತದ ಪರೀಕ್ಷೆ ಬರೆದು, ಇಪ್ಪತ್ತು ವರ್ಷ ಕಳೆದ ಮೇಲೂ ಹೋಗುತ್ತಲೇ ಇರುವಂಥದ್ದು, ಈ ಯಂತ್ರದ ಹಲ್ಲಿಗೆ ಸಿಗುವುದಿಲ್ಲ. ಇದಕ್ಕೆ ವಾಹಿನಿಗಳ ಅಳುಕನ್ನೂ ಸೇರಿಸಬೇಕು. ಧರ್ಮವನ್ನು ಹೊಗಳಿದರೆ ಒಂದು ಗುಂಪು, ತೆಗಳಿದರೆ ಇನ್ನೊಂದು ಗುಂಪು ಟಿವಿ ಆರಿಸುತ್ತದೆ ಎಂಬ ಭಯದಲ್ಲಿ ಧರ್ಮದ ಒಳಗಿನ ಮಾತುಗಳನ್ನೇ ಬಿಟ್ಟು, ಅದರ ಸುತ್ತಲಿನ ಜಗಳವನ್ನು ಮಾತ್ರ ತೋರಿಸುವುದು ಸುರಕ್ಷಿತವೆನಿಸುತ್ತದೆ.

ನಾರ್ವೆಯ ‘ಸ್ಕಾಮ್’ ಮಾತ್ರ ಒಂದಷ್ಟು ದೂರ ಬೇರೆ ದಾರಿ ಹಿಡಿದಿತ್ತು. 2017ರಲ್ಲಿ ಬಂದ ಅದರ ನಾಲ್ಕನೆಯ ಸೀಸನ್ನಿನ ನಾಯಕಿ ಸನಾ ಹುಟ್ಟಿನಿಂದಲೇ ಮುಸ್ಲಿಂ. ಹೊಸದಾಗಿ ಧರ್ಮಕ್ಕೆ ಬಂದವಳಲ್ಲ, ಇದ್ದ ಧರ್ಮವನ್ನು ಆರಿಸಿಕೊಂಡವಳು. ಸೀಸನ್ ಆರಂಭದಲ್ಲೇ ಪಾರ್ಟಿಯ ಗದ್ದಲದ ನಡುವೆ ಅವಳ ಫೋನು ನಮಾಜಿನ ವೇಳೆಯನ್ನು ನೆನಪಿಸುತ್ತದೆ, ಅವಳು ಒಳಕೋಣೆಗೆ ಸರಿದು ನಮಾಜು ಮಾಡುತ್ತಾಳೆ. ಕ್ಯಾಮೆರಾ ಅವಳ ಜೊತೆ ಕೋಣೆಯೊಳಗೆ ಬರುತ್ತದೆ, ಗದ್ದಲ ಬಾಗಿಲಾಚೆ ಉಳಿಯುತ್ತದೆ. ಇಷ್ಟೇ ಸಾಕಿತ್ತು. ದುರದೃಷ್ಟವೆಂದರೆ ಆ ಸೀಸನ್ನಿನ ಕೊನೆಯ ಕಂತಿನ ದೊಡ್ಡ ಭಾಗವನ್ನು ಇತರ ಪಾತ್ರಗಳಿಗೆ ಹಂಚಲಾಯಿತು, ಸನಾಳ ಕಥೆ ಮುಗಿಯಬೇಕಾದ ಜಾಗದಲ್ಲಿ ಉಳಿದವರು ಬಂದು ಕೂತರು. ಅವಳಿಗೆ ಮೀಸಲಾಗಿದ್ದ ಒಂದೇ ಒಂದು ಸೀಸನ್ ಕೂಡ ಪೂರ್ತಿ ಅವಳದಾಗಲಿಲ್ಲ.

ನಂಬಿಕೆ ಒಳಗಿನ ವಿಷಯ, ಅದನ್ನು ಪರದೆಯ ಮೇಲೆ ತೋರಿಸಲಾಗದು ಎಂಬ ಸಮಜಾಯಿಷಿ ಕೆಲವರಿಂದ ಬರುತ್ತದೆ. ಕನ್ನಡ ಓದುಗರಿಗೆ ಇದು ಪೊಳ್ಳೆಂದು ತಿಳಿಯಲು ಕಾರ್ತಿಕ ಮಾಸದ ಒಂದು ಬೆಳಗ್ಗೆ ಸಾಕು. ಅಯ್ಯಪ್ಪನ ಮಾಲೆ ಹಾಕಿದ ಹದಿನಾರರ ಹುಡುಗ ಚಳಿಯಲ್ಲಿ ತಣ್ಣೀರು ಸ್ನಾನ ಮಾಡಿ, ಕಪ್ಪು ಬಟ್ಟೆ ತೊಟ್ಟು, ಬರಿಗಾಲಲ್ಲಿ ಕಾಲೇಜಿಗೆ ನಡೆಯುತ್ತಾನೆ. ವ್ರತದ 41 ದಿನವೂ ಮನೆಯ ಅಡುಗೆ ಬದಲಾಗುತ್ತದೆ, ಹಾಸಿಗೆ ಬದಲಾಗುತ್ತದೆ, ಕರೆಯುವ ಹೆಸರೂ ಬದಲಾಗುತ್ತದೆ. ನಿನ್ನೆಯವರೆಗೂ ಏಕವಚನದಲ್ಲಿ ಗದರುತ್ತಿದ್ದ ಅಪ್ಪನೇ ಮಗನನ್ನು ಸ್ವಾಮಿ ಎಂದು ಕರೆಯಬೇಕು. ಅಪ್ಪ ಮಗನ ನಡುವಿನ ಸಂಬಂಧ ಹೀಗೆ ತಲೆಕೆಳಗಾಗಿ ನಿಲ್ಲುವ ಮನೆಯಲ್ಲಿ ನಾಟಕಕ್ಕೇನು ಕೊರತೆ? ನಂಬಿಕೆ ಮೈಯಲ್ಲಿದೆ, ಪಾದದಲ್ಲಿದೆ, ಬೆಳಗಿನ ಜಾವದ ನೀರಿನಲ್ಲಿದೆ. ಆದರೂ ನಮ್ಮ ಧಾರಾವಾಹಿಗಳು ಈ ಹುಡುಗನ ಬೆನ್ನು ಹತ್ತಿದ್ದು ಕಡಿಮೆ. ದೇವರ ಕೋಣೆಯಿಲ್ಲದ ಮನೆ ಕನ್ನಡ ಧಾರಾವಾಹಿಯಲ್ಲಿ ಸಿಗುವುದು ಅಪರೂಪ. ಸೊಸೆ ದೀಪ ಹಚ್ಚದೆ ಕಂತು ಶುರುವಾಗುವುದೂ ಅಪರೂಪ. ಆದರೆ ಆ ದೀಪ ಮನೆಯ ಸಾಮಾನಿನಂತೆ ಅಲ್ಲಿರುತ್ತದೆ, ಯಾರೂ ಅದನ್ನು ಆರಿಸಿಕೊಂಡಿರುವುದಿಲ್ಲ. ಅಮೆರಿಕದವರಿಗೆ ಮಗಳ ಭಕ್ತಿ ರೋಗಲಕ್ಷಣವಾದರೆ ನಮ್ಮವರಿಗೆ ಅದು ಒಳ್ಳೆಯ ಸೊಸೆಯ ಅರ್ಹತಾಪತ್ರ. ಎರಡೂ ಕಡೆ ಅವಳು ದೇವರೊಂದಿಗೆ ಆಡಿದ ಮಾತು ನಮಗೆ ಕೇಳಿಸುವುದಿಲ್ಲ. ಉಡುತಡಿಯ ಹುಡುಗಿಯೊಬ್ಬಳು ಚೆನ್ನಮಲ್ಲಿಕಾರ್ಜುನನೊಂದಿಗೆ ನೇರವಾಗಿ ಜಗಳವಾಡಿದ್ದನ್ನು ಎಂಟು ನೂರಕ್ಕೂ ಹೆಚ್ಚು ವರ್ಷಗಳಿಂದ ಓದುತ್ತ ಬಂದ ಭಾಷೆಯಲ್ಲಿ ಇದು ಸ್ವಲ್ಪ ನಾಚಿಕೆಯ ವಿಷಯವೇ.

‘ದಿ ಅಮೆರಿಕನ್ಸ್’ಗೆ ಮರಳುವುದಾದರೆ, ಅದರ ಕೈತಪ್ಪಿದ ಇನ್ನೊಂದು ಅವಕಾಶ ಇತಿಹಾಸದ್ದು. ಕಥೆ 1987ರ ಡಿಸೆಂಬರ್‌ನಲ್ಲಿ ನಿಲ್ಲುತ್ತದೆ. ಅದಾದ ನಾಲ್ಕೇ ತಿಂಗಳಿಗೆ, 1988ರ ಏಪ್ರಿಲ್‌ನಲ್ಲಿ, ಸೋವಿಯತ್ ನಾಯಕ ಗೊರ್ಬಚೆವ್ ರಷ್ಯಾದ ಆರ್ಥೊಡಾಕ್ಸ್ ಚರ್ಚಿನ ಮುಖ್ಯಸ್ಥ ಪಿಮೆನ್ ಅವರನ್ನು ಭೇಟಿಯಾದರು. ಜೂನ್‌ನಲ್ಲಿ ರಷ್ಯನ್ನರ ಪೂರ್ವಜರಾದ ರುಸ್ ಜನ ದೀಕ್ಷಾಸ್ನಾನ ಪಡೆದು ಸಾವಿರ ವರ್ಷ ತುಂಬಿದ್ದನ್ನು ಸೋವಿಯತ್ ನೆಲದಲ್ಲಿ ಬಹಿರಂಗವಾಗಿ ಆಚರಿಸಲಾಯಿತು. ಮಗಳನ್ನು ದೇವರಿಂದ ಬಿಡಿಸಿ ತನ್ನ ದೇಶದ ನಿಷ್ಠೆಗೆ ಎಳೆದ ಎಲಿಜಬೆತ್, ಕೊನೆಯ ಕಂತಿನಲ್ಲಿ ಮಗಳನ್ನು ಕಳೆದುಕೊಂಡು ಮರಳುವುದು ಚರ್ಚಿನ ಬಾಗಿಲು ತೆರೆಯಲಿರುವ ಮಾಸ್ಕೋಗೆ. ಇದನ್ನು ಕಥೆಯೊಳಗೆ ಹೇಳಲು ಬರುವುದಿಲ್ಲ, ನಿಜ. ಆದರೆ ಅಂಥ ನಾಳೆಯ ನೆರಳು ಬೀಳುವುದಕ್ಕೆ ಪೇಜ್‌ಳ ಎದೆಯಲ್ಲಿ ಹಳೆಯ ನಂಬಿಕೆಯ ಒಂದು ಕಿಡಿಯಾದರೂ ಉಳಿದಿರಬೇಕಿತ್ತು. ಆರನೆಯ ಸೀಸನ್‌ನಲ್ಲಿ ಅವಳು ಕಾಲೇಜು ವಿದ್ಯಾರ್ಥಿನಿ, ಅಮ್ಮನ ಕೈಕೆಳಗೆ ಪಳಗುತ್ತಿರುವ ಗೂಢಚಾರಿಣಿ. ಚರ್ಚು ಅವಳ ಬದುಕಿನಲ್ಲಿ ಎಂದೂ ಇರಲಿಲ್ಲವೇನೋ ಎಂಬಂತೆ ಕಥೆ ಸಾಗುತ್ತದೆ. ಅರ್ಜೆಂಟೀನಾಕ್ಕೆ ಹೋದ ಪಾಸ್ಟರ್ ಟಿಮ್ ಮಾತ್ರ ಒಮ್ಮೆ ಫೋನಿನಲ್ಲಿ ಮರಳಿ ಬರುತ್ತಾನೆ. ಜೆನ್ನಿಂಗ್ಸ್ ದಂಪತಿಯ ಬಗ್ಗೆ ಎಫ್‌ಬಿಐ ಅಧಿಕಾರಿ ಕೇಳಿದಾಗ ಅವನು ಗುಟ್ಟು ಬಿಟ್ಟುಕೊಡದೆ ಸುಳ್ಳು ಹೇಳುತ್ತಾನೆ. ಸುಳ್ಳುಸಾಕ್ಷಿ ಹೇಳಬೇಡ ಎಂಬ ಆಜ್ಞೆಯನ್ನು ಬೋಧಿಸುತ್ತಿದ್ದವನು ಆ ಹುಡುಗಿಯ ಮನೆಯವರಿಗಾಗಿ ಅದನ್ನು ಮುರಿಯುತ್ತಾನೆ. ಪೇಜ್‌ಗೆ ದಕ್ಕಬೇಕಿದ್ದ ತಳಮಳ ಒಂದು ನಿಮಿಷದ ಮಟ್ಟಿಗೆ ಪಾಸ್ಟರನ ದನಿಯಲ್ಲಿ ಸುಳಿದುಹೋಗುತ್ತದೆ.

ಕೊನೆಯ ಕಂತಿನಲ್ಲಿ ಹೆತ್ತವರು ರೈಲಿನಲ್ಲಿ ಕೆನಡಾದ ಗಡಿಯತ್ತ ಸಾಗುತ್ತಿರುವಾಗ ಪೇಜ್ ನಡುವಿನ ನಿಲ್ದಾಣವೊಂದರಲ್ಲಿ ಇಳಿದುಬಿಡುತ್ತಾಳೆ. ಆಮೇಲೆ ಅವಳು ನಮಗೆ ಕಾಣಿಸುವುದು ಅಮ್ಮನ ಮೇಲಧಿಕಾರಿಣಿ ಬಿಟ್ಟುಹೋದ ಖಾಲಿ ಫ್ಲ್ಯಾಟಿನಲ್ಲಿ. ತಂದೆಯಿಲ್ಲ, ತಾಯಿಯಿಲ್ಲ, ದೇಶ ಯಾವುದೆಂದು ಹೇಳುವಂತಿಲ್ಲ. ಅವಳು ಕಪಾಟಿನಿಂದ ವೋಡ್ಕಾ ತೆಗೆದು ಲೋಟಕ್ಕೆ ಬಗ್ಗಿಸಿ ಕುಡಿಯುತ್ತಾಳೆ. ಕ್ಯಾಮೆರಾ ಈಗ ಕೋಣೆಯೊಳಗೇ ಇದೆ, ಸೋಫಾದಲ್ಲಿ ಹೆತ್ತವರಿಲ್ಲ, ನೋಡಲು ಅವಳ ಮುಖವೊಂದೇ ಉಳಿದಿದೆ. ಹದಿನೈದರಲ್ಲಿ ಹೀಗೆಯೇ ಒಂಟಿಯಾದಾಗ ಅವಳು ಪ್ರಾರ್ಥಿಸಿದ್ದಳು. ಅದು ಈಗ ಅವಳಿಗೆ ನೆನಪಾಯಿತೇ ಎಂದು ಕೇಳುವುದಕ್ಕೆ ಧಾರಾವಾಹಿಯ ಬಳಿ ಇನ್ನೂ ಕೆಲವು ಕ್ಷಣಗಳಿದ್ದವು. ಅದು ಕೇಳಲಿಲ್ಲ, ದೃಶ್ಯ ಹೆತ್ತವರ ಕಡೆಗೆ ಹೊರಳಿತು.